ಯೋಧರ ಕುಟುಂಬ ಮತ್ತು ಹಲ್ಲಿನ ವಿಮೆ: ಮನೆಯಲ್ಲಿ ಯಾರಿಗೆ ಯಾವ ಆಸರೆ?

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತಾ ಬಂದಿದ್ದೇವೆ. ಸೈನ್ಯದಲ್ಲಿ ದುಡಿಯುವವರ ಮನೆಗಳಲ್ಲಿ ಈ ಮಾತು ಅಕ್ಷರಶಃ ನಿಜವಾಗುವುದುಂಟು. ಸೇವೆಯಲ್ಲಿರುವಷ್ಟು ಕಾಲ ಹಲ್ಲಿನ ಚಿಕಿತ್ಸೆ ಸೈನ್ಯದ ಕಡೆಯಿಂದಲೇ ದೊರೆಯುತ್ತದೆ. ಆದರೆ ಅದನ್ನು ಮಾಡಿಸಿಕೊಳ್ಳಲು ಪುರಸೊತ್ತಿರುವುದಿಲ್ಲ. ಪೆನ್ಷನ್ ಬಂದು ಮನೆಯಲ್ಲಿ ನೆಲೆಸಿದ ಮೇಲೆ ಪುರಸೊತ್ತು ಬೇಕಾದಷ್ಟಿರುತ್ತದೆ. ಆ ಹೊತ್ತಿಗೆ ಮಕ್ಕಳ ಹಲ್ಲಿಗೆ ಕ್ಲಿಪ್ಪು, ಪತ್ನಿಗೆ ರೂಟ್ ಕೆನಾಲ್, ತಂದೆ-ತಾಯಿಗಳಿಗೆ ಹಲ್ಲಿನ ಸೆಟ್ಟು ಎಂದು ಖರ್ಚುಗಳು ಸಾಲುಗಟ್ಟಿ ನಿಂತಿರುತ್ತವೆ. ಆಗ ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಹಲ್ಲಿಗೂ ಒಂದು ವಿಮೆ ಮಾಡಿಸಬೇಕೆ?’

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿರುವ ನಮ್ಮ ಓದುಗ ಬಂಧುಗಳಲ್ಲಿ ಸೇನೆಯಲ್ಲಿರುವವರೂ ನಿವೃತ್ತರಾದವರೂ ಇದ್ದಾರೆ. ಅನೇಕ ಮನೆಗಳಲ್ಲಿ ಯಜಮಾನರು ಗಡಿಯಲ್ಲಿರುತ್ತಾರೆ. ತೀರ್ಮಾನ ಕೈಗೊಳ್ಳಬೇಕಾದವರು ಮನೆಯಲ್ಲಿರುವ ಹೆಣ್ಣುಮಕ್ಕಳು. ಅಂಥವರಿಗೆ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ಪರಿಶೀಲಿಸುತ್ತಿದ್ದೇವೆ.

ಸೇವೆಯಲ್ಲಿರುವಾಗಿನ ಆಸರೆ

ಭಾರತೀಯ ಸೈನ್ಯದಲ್ಲಿ ದಂತವೈದ್ಯರದೇ ಆದ ಪ್ರತ್ಯೇಕ ದಳವಿದೆ. ೧೯೪೧ರಲ್ಲಿ ಸ್ಥಾಪನೆಯಾದ ಆರ್ಮಿ ಡೆಂಟಲ್ ಕೋರ್ ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರಕ್ಕೂ ಸೇವೆ ಸಲ್ಲಿಸುತ್ತಿದೆ. ಸೇವೆಯಲ್ಲಿರುವ ಯೋಧನಿಗೆ ಮಾತ್ರವಲ್ಲ, ಅವನ ಪತ್ನಿ, ಮಕ್ಕಳು ಮತ್ತು ನಿಯಮದಂತೆ ಅವಲಂಬಿತರೆಂದು ದಾಖಲಾದ ತಂದೆ-ತಾಯಿಗಳಿಗೂ ಸೈನ್ಯದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಹಕ್ಕಿದೆ. ಯಜಮಾನರು ಜಮ್ಮುವಿನಲ್ಲಿದ್ದು ಸಂಸಾರ ವಿಜಯನಗರದಲ್ಲಿದ್ದರೂ, ಅವಲಂಬಿತರ ಗುರುತಿನ ಚೀಟಿಯನ್ನು ತೋರಿಸಿ ಬೆಂಗಳೂರಿನ ಸೈನ್ಯದ ದಂತಚಿಕಿತ್ಸಾ ಕೇಂದ್ರಕ್ಕೆ ಹೋಗಬಹುದು.

ಇದಕ್ಕಾಗಿ ಯಾವ ವಿಮಾ ಕಂತನ್ನೂ ಕಟ್ಟಬೇಕಾಗಿಲ್ಲ. ಆರ್ಮಿ ಗ್ರೂಪ್ ಇನ್ಶೂರೆನ್ಸ್‌ಗಾಗಿ ಪ್ರತಿ ತಿಂಗಳೂ ಸಂಬಳದಲ್ಲಿ ಕಡಿತವಾಗುವ ಹಣವನ್ನು ಕೆಲವರು ಆಸ್ಪತ್ರೆಯ ವಿಮೆಯೆಂದೇ ಭಾವಿಸಿರುತ್ತಾರೆ. ಅದು ಮುಖ್ಯವಾಗಿ ಜೀವವಿಮೆ ಮತ್ತು ಉಳಿತಾಯದ ಯೋಜನೆ; ಹಲ್ಲಿನ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಹೀಗಿರುವಾಗ, ನಿವೃತ್ತಿಗೆ ಎರಡು-ಮೂರು ವರ್ಷ ಉಳಿದಿರುವ ಕುಟುಂಬ ಮಾಡಬೇಕಾದ ಮೊದಲ ಕೆಲಸವೆಂದರೆ ಮನೆಮಂದಿಯೆಲ್ಲರ ಹಲ್ಲುಗಳನ್ನು ಒಮ್ಮೆ ಪೂರ್ಣವಾಗಿ ಪರೀಕ್ಷೆ ಮಾಡಿಸುವುದು. ಹುಳುಕು ಚಿಕ್ಕದಾಗಿರುವಾಗಲೇ ತುಂಬಿಸಿದರೆ ಒಂದು ಭೇಟಿಯಲ್ಲಿ ಮುಗಿಯುವ ಕೆಲಸ, ಬಿಟ್ಟರೆ ಬೇರಿನವರೆಗೆ ಇಳಿದು ರೂಟ್ ಕೆನಾಲ್ ಮತ್ತು ಕ್ಯಾಪಿನವರೆಗೆ ಬೆಳೆಯುತ್ತದೆ. ಸಿಪಾಯಿ, ಹವಾಲ್ದಾರ್ ದರ್ಜೆಯವರು ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತರಾಗುವುದರಿಂದ, ಆ ವೇಳೆಗೆ ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ. ವಕ್ರವಾದ ಹಲ್ಲುಗಳನ್ನು ಸರಿಪಡಿಸುವ ವಯಸ್ಸೂ ಅದೇ. ಈ ಎರಡೂ ಒಂದೇ ಕಾಲಕ್ಕೆ ಒದಗುತ್ತವೆಂಬುದನ್ನು ಮೊದಲೇ ಗಮನದಲ್ಲಿಡಬೇಕು.

ನಿವೃತ್ತಿಯ ನಂತರ

ನಿವೃತ್ತ ಯೋಧರಿಗಾಗಿ ಕೇಂದ್ರ ಸರ್ಕಾರವು ೨೦೦೩ರ ಏಪ್ರಿಲ್ ೧ರಿಂದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಯನ್ನು ಜಾರಿಗೆ ತಂದಿತು. ಇದನ್ನೇ ಎಲ್ಲರೂ ಇ.ಸಿ.ಎಚ್.ಎಸ್. ಎನ್ನುತ್ತಾರೆ. ಆ ದಿನಾಂಕದ ನಂತರ ಪಿಂಚಣಿಯೊಡನೆ ನಿವೃತ್ತರಾದವರಿಗೆ ಸದಸ್ಯತ್ವ ಕಡ್ಡಾಯ. ಅದಕ್ಕೂ ಮೊದಲು ನಿವೃತ್ತರಾದವರಿಗೆ ಅದು ಅವರವರ ಇಚ್ಛೆಗೆ ಬಿಟ್ಟದ್ದು. ವಂತಿಗೆಯನ್ನು ಜೀವನದಲ್ಲಿ ಒಮ್ಮೆ ಕಟ್ಟಿದರೆ ಸಾಕು. ೨೦೧೭ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ದರದಂತೆ ಸಿಪಾಯಿಯಿಂದ ಹವಾಲ್ದಾರ್‌ವರೆಗಿನವರಿಗೆ ೩೦,೦೦೦ ರೂಪಾಯಿ, ನಾಯಿಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ ೬೭,೦೦೦ ರೂಪಾಯಿ, ಅಧಿಕಾರಿಗಳಿಗೆ ೧,೨೦,೦೦೦ ರೂಪಾಯಿ. ೧೯೯೬ರ ಜನವರಿ ೧ಕ್ಕಿಂತ ಮೊದಲು ನಿವೃತ್ತರಾದವರಿಗೂ ಯುದ್ಧದಲ್ಲಿ ಮಡಿದವರ ಪತ್ನಿಯರಿಗೂ ವಂತಿಗೆಯಿಂದ ವಿನಾಯಿತಿ ಇದೆ.

ಖಾಸಗಿ ವಿಮೆಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಇಲ್ಲಿ ವರ್ಷವರ್ಷದ ಕಂತಿಲ್ಲ, ವಯಸ್ಸಿನ ಮಿತಿಯಿಲ್ಲ, ಮೊದಲೇ ಇದ್ದ ಕಾಯಿಲೆಯೆಂದು ತಳ್ಳಿಹಾಕುವ ಪದ್ಧತಿಯಿಲ್ಲ. ಹಲ್ಲಿನ ಚಿಕಿತ್ಸೆಯೂ ಯೋಜನೆಯ ಒಳಗೇ ಸೇರಿದೆ. ಪಾಲಿಕ್ಲಿನಿಕ್‌ಗಳಲ್ಲಿ ದಂತವೈದ್ಯರ ಹುದ್ದೆಯೂ ಹಲ್ಲಿನ ಕುರ್ಚಿಯೂ ಇರುತ್ತವೆ. ಅಲ್ಲಿ ಆಗದ ಚಿಕಿತ್ಸೆಗೆ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ದಂತಚಿಕಿತ್ಸಾಲಯಕ್ಕೆ ರೆಫರಲ್ ಚೀಟಿ ಕೊಡುತ್ತಾರೆ.

ಮನೆಯವರು ಮರೆಯಬಾರದ ಮಾತು ಒಂದಿದೆ. ಮೊದಲು ಚೀಟಿ, ನಂತರ ಚಿಕಿತ್ಸೆ. ಮನೆಯ ಹತ್ತಿರವಿದೆಯೆಂದು ಪರಿಚಯದ ದಂತವೈದ್ಯರಲ್ಲಿಗೆ ಹೋಗಿ, ಮೂರು ಹಲ್ಲಿಗೆ ಕ್ಯಾಪು ಹಾಕಿಸಿಕೊಂಡು, ಆಮೇಲೆ ಬಿಲ್ಲು ಹಿಡಿದು ಪಾಲಿಕ್ಲಿನಿಕ್‌ಗೆ ಹೋದರೆ ಹಣ ದೊರೆಯುವುದಿಲ್ಲ. ತುರ್ತು ಪ್ರಸಂಗಗಳಿಗೆ ಬೇರೆ ನಿಯಮವಿದೆ. ಅಂದಚಂದಕ್ಕಾಗಿ ಮಾಡಿಸುವ ಚಿಕಿತ್ಸೆಗಳಿಗೆ ಯೋಜನೆಯಲ್ಲಿ ಅವಕಾಶವಿಲ್ಲ. ಕ್ಲಿಪ್ಪು, ಇಂಪ್ಲಾಂಟ್‌ನಂಥ ದೀರ್ಘಕಾಲದ ಚಿಕಿತ್ಸೆಗಳ ವಿಷಯದಲ್ಲಿ ಅನುಮತಿಯನ್ನು ಮೊದಲೇ ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ಯಾರು ಒಳಗೆ, ಯಾರು ಹೊರಗೆ?

ಇನ್ನು ನಿಜವಾದ ತೊಡಕಿಗೆ ಬರೋಣ. ಯೋಜನೆಯು ಯೋಧನ ಮನೆಯನ್ನು ನೋಡುವ ಬಗೆ ಬೇರೆ, ನಮ್ಮ ಅವಿಭಕ್ತ ಕುಟುಂಬಗಳು ಬದುಕುವ ಬಗೆ ಬೇರೆ.

ಬಸವೇಶ್ವರನಗರದಲ್ಲಿ ಬಾಡಿಗೆಗಿರುವ ಒಬ್ಬ ನಿವೃತ್ತ ಹವಾಲ್ದಾರರ ಮನೆಯನ್ನು ಕಲ್ಪಿಸಿಕೊಳ್ಳೋಣ. ಹವಾಲ್ದಾರರು, ಅವರ ಪತ್ನಿ, ಡಿಗ್ರಿ ಓದುತ್ತಿರುವ ಹತ್ತೊಂಬತ್ತರ ಮಗ, ಹದಿಮೂರರ ಮಗಳು. ಜೊತೆಗೆ ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಶಾಲಾ ಮಾಸ್ತರರಾಗಿ ನಿವೃತ್ತರಾದ ತಂದೆ ಮತ್ತು ತಾಯಿ. ಒಂದೇ ಒಲೆಯ ಮೇಲೆ ಆರು ಜನರ ಅಡುಗೆ. ಆದರೆ ಇ.ಸಿ.ಎಚ್.ಎಸ್. ದೃಷ್ಟಿಯಲ್ಲಿ ಆ ಆರೂ ಜನ ಒಂದೇ ಅಲ್ಲ.

ಹವಾಲ್ದಾರರೂ ಅವರ ಪತ್ನಿಯೂ ಜೀವಮಾನವಿಡೀ ಯೋಜನೆಯ ಒಳಗಿರುತ್ತಾರೆ. ಮಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ, ಅದಕ್ಕೂ ಮೊದಲೇ ನೌಕರಿ ಅಥವಾ ಮದುವೆಯಾದರೆ ಅಲ್ಲಿಯವರೆಗೆ ಮಾತ್ರ ಅವಕಾಶ. ಮಗಳಿಗೆ ಮದುವೆಯಾಗುವವರೆಗೆ ಅಥವಾ ಸ್ವಂತ ಸಂಪಾದನೆ ಆರಂಭವಾಗುವವರೆಗೆ. ಇನ್ನು ತಂದೆ-ತಾಯಿ. ಅವರ ಆದಾಯ ತಿಂಗಳಿಗೆ ೯,೦೦೦ ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿಯೊಳಗಿದ್ದರೆ ಮಾತ್ರ ಅವಲಂಬಿತರು. ಮಾಸ್ತರರ ಪಿಂಚಣಿ ಆ ಮಿತಿಯನ್ನು ಮೀರಿದ್ದರೆ ಇಬ್ಬರೂ ಹೊರಗೆ. ಹಲ್ಲಿನ ಸೆಟ್ಟಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವವರೇ ಯೋಜನೆಯ ಹೊರಗುಳಿಯುತ್ತಾರೆ.

ಆದುದರಿಂದ ‘ನಮ್ಮ ಮನೆಗೆ ಯಾವ ವಿಮೆ?’ ಎಂದು ಕೇಳುವುದಕ್ಕಿಂತ ‘ನಮ್ಮ ಮನೆಯ ಒಬ್ಬೊಬ್ಬರಿಗೆ ಯಾವ ಆಸರೆ, ಅದು ಎಲ್ಲಿಯವರೆಗೆ?’ ಎಂದು ಕೇಳುವುದೇ ಸರಿಯಾದ ಕ್ರಮ.

ದಾಖಲೆಗಳ ವಿಷಯವೂ ಇಲ್ಲಿ ಮುಖ್ಯ. ಪತ್ನಿ, ಮಕ್ಕಳು, ತಂದೆ-ತಾಯಿಗಳ ಹೆಸರು ಸೇವಾ ದಾಖಲೆಯಲ್ಲಿ ಹೇಗಿದೆಯೋ ಆಧಾರ್ ಕಾರ್ಡಿನಲ್ಲಿಯೂ ಹಾಗೆಯೇ ಇರಬೇಕು. ಉತ್ತರ ಕರ್ನಾಟಕದ ನಮ್ಮ ಅನೇಕ ಮನೆಗಳಲ್ಲಿ ಮದುವೆಯ ದಿನ ವಧುವಿಗೆ ಹೊಸ ಹೆಸರಿಡುವ ಸಂಪ್ರದಾಯವಿದೆ. ಶಾಲೆಯ ಸರ್ಟಿಫಿಕೇಟಿನಲ್ಲಿ ತವರಿನ ಹೆಸರು, ಸೈನ್ಯದ ದಾಖಲೆಯಲ್ಲಿ ಗಂಡನ ಮನೆಯ ಹೆಸರು, ಆಧಾರ್‌ನಲ್ಲಿ ಮತ್ತೊಂದು ರೀತಿಯ ಅಕ್ಷರಗಳು — ಹೀಗಿದ್ದರೆ ಕಾರ್ಡು ಕೈಸೇರಲು ತಡವಾಗುವುದು ಸಹಜ. ಯಜಮಾನರು ಘಟಕದಲ್ಲಿರುವಾಗಲೇ ಪಾರ್ಟ್ ಟು ಆರ್ಡರ್ ಮೂಲಕ ಇದನ್ನು ತಿದ್ದಿಸಿಕೊಳ್ಳುವುದು ಸುಲಭ. ನಿವೃತ್ತರಾದ ಮೇಲೆ ರೆಕಾರ್ಡ್ ಆಫೀಸಿಗೆ ಪತ್ರ ಬರೆದು ಕಾಯುತ್ತ ಕೂರಬೇಕಾಗುತ್ತದೆ. ಈ ವಿಷಯದಲ್ಲಿ ಸಲಹೆ ಬೇಕಾದವರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಬಹುದು.

ಖಾಸಗಿ ವಿಮೆಯ ಮಾತು

ಹೊರಗುಳಿದವರಿಗಾಗಿ ಖಾಸಗಿ ಆರೋಗ್ಯವಿಮೆ ಮಾಡಿಸೋಣವೆಂದು ಮಗ ಯೋಚಿಸುವುದು ಸಹಜ, ಯೋಗ್ಯವೂ ಹೌದು. ಆದರೆ ಆ ಪಾಲಿಸಿಯಿಂದ ತಂದೆಯವರ ಹಲ್ಲಿನ ಸೆಟ್ಟು ಬರುತ್ತದೆಂದು ತಿಳಿದರೆ ನಿರಾಶೆಯಾಗುತ್ತದೆ. ನಮ್ಮ ದೇಶದ ಸಾಮಾನ್ಯ ಆರೋಗ್ಯವಿಮೆಗಳು ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಯನ್ನು ಆಧರಿಸಿದವು. ಅಪಘಾತದಲ್ಲಿ ದವಡೆ ಮುರಿದು ದಾಖಲಾದರೆ ಅವು ನೆರವಿಗೆ ಬರುತ್ತವೆ. ಹುಳುಕು ತುಂಬಿಸುವುದು, ಹಲ್ಲು ಕ್ಲೀನ್ ಮಾಡಿಸುವುದು, ಕ್ಯಾಪು, ಸೆಟ್ಟು ಇವೆಲ್ಲ ಸಾಮಾನ್ಯವಾಗಿ ಹೊರಗೆ. ಹೊರರೋಗಿ ಚಿಕಿತ್ಸೆಯ ಭಾಗವನ್ನು ಹೆಚ್ಚಿನ ಕಂತಿಗೆ ಸೇರಿಸಿಕೊಡುವ ಕಂಪನಿಗಳಿವೆ. ಅಲ್ಲಿಯೂ ಹಲ್ಲಿಗೆ ಇಂತಿಷ್ಟೇ ಎಂಬ ಮಿತಿ, ಇಷ್ಟು ಕಾಲ ಕಾಯಬೇಕೆಂಬ ಷರತ್ತು ಇರುವುದುಂಟು.

ಅಮೆರಿಕದಲ್ಲಿ ಯೋಧರ ಕುಟುಂಬಗಳಿಗೆ ಹಲ್ಲಿಗೆಂದೇ ಪ್ರತ್ಯೇಕ ವಿಮೆಯಿದೆ. ಸೇವೆಯಲ್ಲಿರುವವರ ಕುಟುಂಬದವರು ಬೇಕಾದರೆ ತಿಂಗಳ ಕಂತು ಕಟ್ಟಿ ಸೇರುತ್ತಾರೆ. ನಿವೃತ್ತರು ೨೦೧೯ರಿಂದ ಈಚೆಗೆ ಕೇಂದ್ರ ನೌಕರರ ದಂತವಿಮಾ ಯೋಜನೆಯಡಿ ಹಲವು ಕಂಪನಿಗಳಲ್ಲಿ ಒಂದನ್ನು ತಾವೇ ಆರಿಸಿಕೊಳ್ಳುತ್ತಾರೆ. ಅಲ್ಲಿಯೂ ವರ್ಷದ ಮಿತಿ, ರೋಗಿಯ ಪಾಲು ಎಂಬ ನಿಯಮಗಳುಂಟು. ಆದ್ದರಿಂದ ಆ ದೇಶದಲ್ಲಿ ಪ್ರಶ್ನೆ ‘ಯಾವ ಕಂಪನಿ?’ ಎಂಬುದು, ನಮ್ಮಲ್ಲಿ ‘ಯಾವ ಬಾಗಿಲು?’ ಎಂಬುದು. ಪರದೇಶದಲ್ಲಿರುವ ಮಕ್ಕಳು ಅಲ್ಲಿಯ ರೀತಿಯನ್ನು ಕಂಡು ಇಲ್ಲಿಯ ತಂದೆ-ತಾಯಿಗಳಿಗೆ ಸಲಹೆ ಕೊಡುವಾಗ ಈ ವ್ಯತ್ಯಾಸವನ್ನು ನೆನಪಿಡುವುದು ಒಳಿತು.

ಲೆಕ್ಕ ಹಾಕುವ ಬಗೆ

ಉದಾಹರಣೆಗೆಂದು ಒಂದು ಲೆಕ್ಕ ಮಾಡೋಣ. ಇದು ಯಾವುದೇ ಕಂಪನಿಯ ದರವಲ್ಲ. ಹೊರರೋಗಿ ಭಾಗಕ್ಕಾಗಿ ವರ್ಷಕ್ಕೆ ೫,೦೦೦ ರೂಪಾಯಿ ಹೆಚ್ಚಿಗೆ ಕಟ್ಟಬೇಕೆಂದಿಟ್ಟುಕೊಳ್ಳಿ. ಹಲ್ಲಿಗೆ ವರ್ಷಕ್ಕೆ ೭,೫೦೦ ರೂಪಾಯಿಯ ಮಿತಿ, ಮೊದಲ ಎರಡು ವರ್ಷ ಕಾಯುವ ಅವಧಿ, ಪ್ರತಿ ಬಿಲ್ಲಿನಲ್ಲಿ ಐದನೆಯ ಒಂದು ಭಾಗ ನಮ್ಮದು. ಮೂರು ವರ್ಷದಲ್ಲಿ ನಾವು ಕಟ್ಟಿದ್ದು ೧೫,೦೦೦. ಮೂರನೆಯ ವರ್ಷ ೭,೫೦೦ ರೂಪಾಯಿಯ ಚಿಕಿತ್ಸೆ ಮಾಡಿಸಿದರೆ ಕೈಗೆ ಬರುವುದು ೬,೦೦೦. ಅದೇ ಹಣವನ್ನು ಅಂಚೆ ಕಚೇರಿಯ ಆರ್.ಡಿ.ಯಲ್ಲಿ ಹಾಕಿದ್ದರೆ ೧೫,೦೦೦ ರೂಪಾಯಿ ಬಡ್ಡಿಸಮೇತ ನಮ್ಮಲ್ಲಿಯೇ ಇರುತ್ತಿತ್ತು.

ಹಾಗೆಂದು ವಿಮೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಯಾವಾಗ ಬರುತ್ತದೋ ತಿಳಿಯದ, ಬಂದರೆ ಮನೆಯನ್ನೇ ಅಲುಗಿಸುವ ಖರ್ಚಿಗೆ ವಿಮೆ ಬೇಕು. ಅಪಘಾತ, ಹೃದಯದ ಶಸ್ತ್ರಚಿಕಿತ್ಸೆ, ಬಾಯಿಯ ಕ್ಯಾನ್ಸರ್ ಅಂಥವು. ಹಲ್ಲಿನ ಖರ್ಚು ಬಹುಪಾಲು ಬರುತ್ತದೆಂದು ಮೊದಲೇ ತಿಳಿದಿರುವ ಖರ್ಚು. ಎಪ್ಪತ್ತರ ಹಿರಿಯರಿಗೆ ಸೆಟ್ಟು ಬೇಕಾಗಬಹುದೆಂದು, ಹನ್ನೆರಡರ ಮಗಳ ಹಲ್ಲು ವಕ್ರವಾಗಿದೆಯೆಂದು ನಮಗೆ ಕಾಣುತ್ತಲೇ ಇರುತ್ತದೆ. ಕಾಣುವ ಖರ್ಚಿಗೆ ಉಳಿತಾಯ, ಕಾಣದ ಖರ್ಚಿಗೆ ವಿಮೆ. ಹಲ್ಲಿಗೆ ಬರುವುದಿಲ್ಲವೆಂಬ ಸಿಟ್ಟಿನಿಂದ ತಂದೆ-ತಾಯಿಗಳ ಆಸ್ಪತ್ರೆ ವಿಮೆಯನ್ನೇ ನಿಲ್ಲಿಸುವುದು ಸರ್ವಥಾ ಸಲ್ಲದು.

ವಿಮೆ ಮಾಡಿಸುವವರಿಗೆ ಅನುಕೂಲವಾದ ಎರಡು ಬದಲಾವಣೆಗಳು ಈಚೆಗೆ ಬಂದಿವೆ. ೨೦೨೪ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಮೂರು ವರ್ಷವನ್ನು ಮೀರುವಂತಿಲ್ಲ. ೨೦೨೫ರ ಸೆಪ್ಟೆಂಬರ್ ೨೨ರಿಂದ ವೈಯಕ್ತಿಕ ಆರೋಗ್ಯವಿಮೆಯ ಕಂತಿನ ಮೇಲೆ ಜಿ.ಎಸ್.ಟಿ. ಇಲ್ಲ. ಪಾಲಿಸಿ ಕೈಸೇರಿದ ಮೂವತ್ತು ದಿನಗಳೊಳಗೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲೂಬಹುದು. ಏಜೆಂಟರು ಬಾಯಿಮಾತಿನಲ್ಲಿ ‘ಹಲ್ಲೂ ಬರುತ್ತದೆ’ ಎಂದರೆ, ಪಾಲಿಸಿಯ ಪುಸ್ತಕದಲ್ಲಿ ಆ ಸಾಲನ್ನು ತೋರಿಸಿರೆಂದು ವಿನಯದಿಂದಲೇ ಕೇಳಬೇಕು.

ನಮ್ಮ ಬಡಾವಣೆಗಳಿಂದ ದಾರಿ

ಹಕ್ಕಿದ್ದರೂ ದೂರದ ಕಾರಣ ಜನ ಹೋಗುವುದಿಲ್ಲ. ವಾಯುಸೇನೆಯ ಕಮಾಂಡ್ ಆಸ್ಪತ್ರೆ ಇರುವುದು ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ, ನಗರದ ಪೂರ್ವಭಾಗದಲ್ಲಿ. ಕೆಂಗೇರಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ರೂಟ್ ಕೆನಾಲ್‌ಗೆ ಹಲವು ಬಾರಿ ಹೋಗಬೇಕಾದಾಗ, ಪ್ರತಿ ಸಲವೂ ಅರ್ಧ ದಿನ ಕಳೆದುಹೋಗುತ್ತದೆ. ೨೦೨೧ರಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂದುದರಿಂದ ಈಗ ಸ್ವಲ್ಪ ಅನುಕೂಲವಾಗಿದೆ. ಕೆಂಗೇರಿ, ವಿಜಯನಗರಗಳಿಂದ ನೇರಳೆ ಮಾರ್ಗದಲ್ಲಿ ಟ್ರಿನಿಟಿ ಅಥವಾ ಇಂದಿರಾನಗರದವರೆಗೆ ಹೋಗಿ ಮುಂದೆ ಆಟೋ ಹಿಡಿಯಬಹುದು. ಇದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಲೇಬೇಕು. ದಿನಗೂಲಿ ಬಿಟ್ಟು ಹೋಗುವವರಿಗೆ ‘ಉಚಿತ’ವೆಂಬುದು ಪೂರ್ತಿ ಉಚಿತವಲ್ಲ.

ಯೋಜನೆಯ ಹೊರಗಿರುವ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಆಸ್ಪತ್ರೆಗಳು ದೊಡ್ಡ ಆಸರೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಬಳಿಯ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿ ಆರಂಭವಾದುದು. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಯಶವಂತಪುರದಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತವೈದ್ಯ ಕಾಲೇಜಿದೆ. ಮೈಸೂರು ರಸ್ತೆಯಲ್ಲಿ ಕೆಂಗೇರಿಯಾಚೆ ರಾಜರಾಜೇಶ್ವರಿ ದಂತವೈದ್ಯ ಕಾಲೇಜಿದೆ. ಊರಿನಲ್ಲಿಯೇ ಇರುವ ಹಿರಿಯರಿಗೆ ದಾವಣಗೆರೆಯ ಬಾಪೂಜಿ, ಮೈಸೂರಿನ ಜೆ.ಎಸ್.ಎಸ್., ಬೆಳಗಾವಿಯ ಕೆ.ಎಲ್.ಇ. ದಂತವೈದ್ಯ ಕಾಲೇಜುಗಳು ಹತ್ತಿರವಾಗಬಹುದು. ಇಂಥ ಕಡೆ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುತ್ತಾರೆ. ಸಮಯ ಹೆಚ್ಚು ಹಿಡಿದರೂ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ.

ನಿವೃತ್ತರಾದ ಮೇಲೆ ಕಾರ್ಖಾನೆಗಳಲ್ಲಿ, ಭದ್ರತಾ ಕೆಲಸಗಳಲ್ಲಿ ಸೇರುವವರು ಅನೇಕರು. ಇ.ಎಸ್.ಐ. ಕಾಯ್ದೆ ಅನ್ವಯಿಸುವ ಸಂಸ್ಥೆಯಲ್ಲಿ ವೇತನ ತಿಂಗಳಿಗೆ ೨೧,೦೦೦ ರೂಪಾಯಿಯೊಳಗಿದ್ದರೆ, ಅವರ ವೇತನದಿಂದ ಶೇಕಡಾ ೦.೭೫ರಷ್ಟು ಇ.ಎಸ್.ಐ.ಗೆ ಹೋಗುತ್ತಿರುತ್ತದೆ. ಅದರ ದೊಡ್ಡ ಆಸ್ಪತ್ರೆ ನಮ್ಮ ರಾಜಾಜಿನಗರದಲ್ಲಿಯೇ ಇದೆ. ಆದರೆ ಈ ಆಸರೆ ಸಾಮಾನ್ಯವಾಗಿ ಕೆಲಸಕ್ಕೆ ಹೊಂದಿಕೊಂಡದ್ದು; ಅದನ್ನು ನಂಬಿ ಇ.ಸಿ.ಎಚ್.ಎಸ್. ಕಾರ್ಡನ್ನು ಅಲಕ್ಷಿಸಬಾರದು.

ಅಗ್ನಿವೀರರ ಮನೆಯವರಿಗೆ

೨೦೨೨ರಲ್ಲಿ ಬಂದ ಅಗ್ನಿಪಥ ಯೋಜನೆಯಡಿ ಸೇರಿದ ಮಕ್ಕಳ ತಂದೆ-ತಾಯಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ನಾಲ್ಕು ವರ್ಷದ ನಂತರ ಹೊರಬರುವ ಅಗ್ನಿವೀರರಿಗೆ ಪಿಂಚಣಿಯಿಲ್ಲ, ಇ.ಸಿ.ಎಚ್.ಎಸ್. ಸೌಲಭ್ಯವೂ ಇಲ್ಲ. ಸೇವೆಯಲ್ಲಿರುವಾಗ ಮಾತ್ರ ಸೈನ್ಯದ ಆಸ್ಪತ್ರೆ ಅವರದು. ಆದ್ದರಿಂದ ಮಗ ರಜೆಗೆ ಬಂದಾಗ, ಹಲ್ಲುಗಳನ್ನು ಸೇವೆ ಮುಗಿಯುವ ಮುನ್ನವೇ ತೋರಿಸಿಕೊಳ್ಳುವಂತೆ ಹೇಳಿರಿ. ಬುದ್ಧಿಹಲ್ಲು, ಹಳೆಯ ಹುಳುಕು ಇವೆಲ್ಲ ಆಗಲೇ ಇತ್ಯರ್ಥವಾಗಲಿ. ಹೊರಬಂದ ದಿನದಿಂದಲೇ ಆರಂಭವಾಗುವಂತೆ ಅವನದೇ ಆದ ಆರೋಗ್ಯವಿಮೆಯನ್ನು ಸೇವಾನಿಧಿಯ ಹಣದಲ್ಲಿ ಮಾಡಿಸುವುದು ಉಚಿತ.

ಕೊನೆಯದಾಗಿ

ಒಂದು ಭಾನುವಾರ ಮನೆಮಂದಿಯೆಲ್ಲ ಕುಳಿತು ಒಂದು ಹಾಳೆಯಲ್ಲಿ ಎಲ್ಲರ ಹೆಸರು ಬರೆಯಿರಿ. ಪ್ರತಿಯೊಬ್ಬರ ಮುಂದೆ ಅವರಿಗಿರುವ ಆಸರೆ, ಅದು ಮುಗಿಯುವ ವರ್ಷ, ಮುಂದಿನ ಮೂರು ವರ್ಷದಲ್ಲಿ ಕಾಣುವ ಹಲ್ಲಿನ ಕೆಲಸ ಇವುಗಳನ್ನು ದಾಖಲಿಸಿರಿ. ನಾವು ಕಲ್ಪಿಸಿಕೊಂಡ ಹವಾಲ್ದಾರರ ಮನೆಯಲ್ಲಿ ಆ ಹಾಳೆ ಹೀಗಿರುತ್ತಿತ್ತು: ನಾಲ್ವರಿಗೆ ಇ.ಸಿ.ಎಚ್.ಎಸ್.; ಮಗನಿಗೆ ಅದು ಇನ್ನು ಆರೇ ವರ್ಷ, ಆದುದರಿಂದ ಅವನ ಹುಳುಕುಗಳನ್ನು ಈಗಲೇ ತುಂಬಿಸುವುದು; ಮಗಳ ಕ್ಲಿಪ್ಪಿಗೆ ಈ ತಿಂಗಳೇ ಅನುಮತಿ ಕೇಳುವುದು; ಹಿರಿಯರಿಬ್ಬರಿಗೆ ಆಸ್ಪತ್ರೆಯ ವಿಮೆ ಬೇರೆ, ಹಲ್ಲಿನ ಸೆಟ್ಟಿಗೆ ಆರ್.ಡಿ. ಬೇರೆ. ಹೊಸ ದಂತವಿಮೆ ಆ ಮನೆಗೆ ಬೇಕಾಗಿಯೇ ಇರಲಿಲ್ಲ.

ಮಕ್ಕಳ ಆರನೆಯ ವರ್ಷದ ಸುಮಾರಿಗೆ ಬರುವ ದವಡೆಹಲ್ಲು ಹಾಲುಹಲ್ಲಲ್ಲ, ಬಾಳಿನುದ್ದಕ್ಕೂ ಇರಬೇಕಾದ ಹಲ್ಲು ಎಂಬುದನ್ನು ತಾಯಂದಿರು ನೆನಪಿಡಬೇಕು. ಮಧುಮೇಹವಿರುವ ಹಿರಿಯರು ವಸಡನ್ನು ಆಗಾಗ ತೋರಿಸಿಕೊಳ್ಳಬೇಕು. ಕಾವಲಿನ ರಾತ್ರಿಗಳಲ್ಲಿ ಅಂಟಿಕೊಂಡ ತಂಬಾಕು, ಗುಟ್ಕಾದ ಚಟವನ್ನು ಯಜಮಾನರು ನಿವೃತ್ತಿಯ ದಿನವೇ ಕೈಬಿಟ್ಟರೆ, ಅದಕ್ಕಿಂತ ದೊಡ್ಡ ದಂತವಿಮೆ ಮತ್ತೊಂದಿಲ್ಲ. ದೇಶಕ್ಕಾಗಿ ದುಡಿದು ಬಂದವರು ತಮ್ಮ ಹಕ್ಕಿನ ಸೌಲಭ್ಯವನ್ನು ಸಂಕೋಚವಿಲ್ಲದೆ, ಸಕಾಲದಲ್ಲಿ ಪಡೆಯಲಿ. ಅವರ ಮನೆಯ ಹಿರಿಯರು ಹಬ್ಬದ ದಿನ ಹೋಳಿಗೆಯ ಜೊತೆಗೆ ಕಡಲೆಯನ್ನೂ ಸುಖವಾಗಿ ಅಗಿಯುವಂತಾಗಲಿ ಎಂದು ಹಾರೈಸುತ್ತೇವೆ.